ಒಂದು ಮನೆ ತೋರಿಸಿ ಮುನ್ನೂರು ಮನೆ ಮುಚ್ಚಿಡಬೇಡಿ



ಉದ್ದ ಪೋಸ್ಟು. ಪುರುಸೊತ್ತು ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ. ಅರ್ಧ ಓದಿ ಹಾರ್ಟ್ ಒತ್ತಿ ಹೋಗೋರ ಮೇಲೇನೇ ಈ ಪೋಸ್ಟು ಇರೋದು.

ಕಳೆದ ವಾರ ಒಂದು ಫೋಟೊ ನಮ್ಮ ಎಲ್ಲಾ ಗ್ರೂಪುಗಳಲ್ಲೂ ಓಡಾಡ್ತು. ನಮ್ಮೂರಲ್ಲಿ ಹೊಸದಾಗಿ ಕಟ್ಟಿರೋ ಬಡವರ ವಸತಿ ಸಮುಚ್ಚಯ. ಗ್ರೌಂಡ್ ಫ್ಲೋರಿನಲ್ಲಿ ಒಂದು ಮನೆ, ಬಾಗಿಲಿಗೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಬೋರ್ಡು: ‘ಹಿರಿಯ ನಾಗರಿಕ ಸ್ನೇಹಿ ಮಾದರಿ ಮನೆ’. ಒಳಗೆ ಅಗಲವಾದ ಬಾಗಿಲು, ಜಾರದ ಟೈಲ್ಸು, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಸ್ಟೀಲ್ ಸರಳು, ಕೂತು ಎದ್ದೇಳೋಕೆ ಆಗುವಂಥ ಕಮೋಡು, ಕೈಗೆ ಎಟುಕುವ ಸ್ವಿಚ್ಚು. ರಿಬ್ಬನ್ ಕಟ್ ಮಾಡಿದವರ ಮುಖದಲ್ಲಿ ನಗು. ನಮ್ಮ ಸಂಗಾತಿಗಳೇ ಎಷ್ಟೋ ಜನ ಅದನ್ನ ಹಂಚ್ಕೊಂಡು ‘ಸ್ವಾಗತಾರ್ಹ’ ಅಂತ ಬರೆದ್ರು.

ಅದೇ ಸಮುಚ್ಚಯದ ನಾಲ್ಕನೇ ಬ್ಲಾಕಿನ ಮೂರನೇ ಮಹಡಿಯಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ.

ಈ ಊರಿನ ಬೀದಿಗಳನ್ನ ಮೂವತ್ತು ವರ್ಷ ಗುಡಿಸಿದೋಳು. ಅದ್ರಲ್ಲಿ ಮುಕ್ಕಾಲು ಪಾಲು ಗುತ್ತಿಗೆ ಮೇಲೆ. ಕಂಟ್ರಾಕ್ಟರ್ ಬದಲಾದಾಗಲೆಲ್ಲ ಅವಳ ಸರ್ವಿಸು ಸೊನ್ನೆಯಿಂದ ಶುರು. ಬೆಳಗ್ಗೆ ಐದೂವರೆಗೆ ಹಾಜರಿ, ಸೊಂಟ ಬಗ್ಗಿಸಿ ಪೊರಕೆ, ಕಸದ ಬುಟ್ಟಿ ಎತ್ತೋದು, ಗಾಡಿ ತಳ್ಳೋದು. ಮಂಡಿ ಸವೆದು ಹೋಗಿದೆ ಅಂತ ಡಾಕ್ಟ್ರು ಹೇಳಿದಾಗ ಅವಳಿಗಿನ್ನೂ ಐವತ್ತು ತುಂಬಿರಲಿಲ್ಲ. ಈಗ ಅರವತ್ತೇಳು. ಮನೆ ಮೂರನೇ ಮಹಡಿ. ಒಂದೊಂದು ಮಹಡಿಗೆ 18 ಮೆಟ್ಟಿಲು, ಒಟ್ಟು 54. ಲಿಫ್ಟ್ ಇಲ್ಲ. ಅಕ್ಟೋಬರಿನಲ್ಲಿ ಗೃಹಪ್ರವೇಶದ ದಿನ ನಾನೂ ನನ್ನ ತಮ್ಮನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಎತ್ಕೊಂಡು ಹೋದ್ವಿ. ಅವತ್ತಿನಿಂದ ಇವತ್ತಿನವರೆಗೆ ಅವಳು ಕೆಳಗೆ ಇಳಿದಿರೋದು ನಾಲ್ಕು ಸಲ. ಮೂರು ಸಲ ಆಸ್ಪತ್ರೆಗೆ, ಒಂದು ಸಲ ಓಟು ಹಾಕೋಕೆ.

ಮೊನ್ನೆ ಹೋದಾಗ ಕೇಳಿದ್ಲು, ‘ಕೆಳಗಡೆ ಅದ್ಯಾವ್ದೋ ಮನೆಗೆ ಹೂ ಕಟ್ಟವ್ರಲ್ಲ ಮಗಾ, ಅದು ಯಾರಿಗಂತೆ?’

‘ವಯಸ್ಸಾದವರಿಗಂತೆ ದೊಡ್ಡವ್ವಾ.’

‘ಹಂಗಾದ್ರೆ ನಾನೇನು ಎಳೇ ಹುಡ್ಗೀನಾ?’

ಉತ್ತರ ಇಲ್ಲದೆ ಕೆಳಗೆ ಬಂದು ಆ ಮಾದರಿ ಮನೆ ಕಿಟಕಿಯಲ್ಲಿ ಇಣುಕಿ ನೋಡ್ದೆ. ಬೀಗ. ಬೀಗದ ಕೈ ಇಂಜಿನಿಯರ್ ಹತ್ರ ಇದೆಯಂತೆ. ಒಳಗೆ ಪೇಂಟ್ ಡಬ್ಬ, ಅರ್ಧ ಖಾಲಿಯಾದ ಸಿಮೆಂಟ್ ಚೀಲ, ಉದ್ಘಾಟನೆಯ ಫ್ಲೆಕ್ಸು ಸುತ್ತಿ ಮೂಲೆಗೆ ಒರಗಿಸಿದ್ದಾರೆ. ಯಾರಿಗೂ ಹಂಚಿಕೆ ಆಗಿಲ್ಲ. ಮುಂದಿರೋ ರ‍್ಯಾಂಪಿನ ಕಥೆ ಇನ್ನೂ ಚೆಂದ. ಪಾಯದ ಎತ್ತರ ಸುಮಾರು ಒಂದೂವರೆ ಅಡಿ, 45 ಸೆಂಟಿಮೀಟರ್. ಗಾಲಿಕುರ್ಚಿ ಹೋಗಬೇಕಾದ್ರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತೆ. ಅಂದ್ರೆ ಇಲ್ಲಿ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕಿತ್ತು. ನಾವು ಟೇಪ್ ಹಿಡಿದು ಅಳೆದ್ವಿ. ಎರಡು ಮೀಟರೂ ಇಲ್ಲ. ಅದರ ಮೇಲೆ ಗಾಲಿಕುರ್ಚಿ ಹತ್ತಲ್ಲ, ಬೈಕ್ ಹತ್ತುತ್ತೆ. ಹುಡುಗರು ದಿನಾ ರಾತ್ರಿ ಹತ್ತಿಸ್ತಾನೂ ಇದ್ದಾರೆ, ಅವರ ತಪ್ಪೇನಿಲ್ಲ.

ಈಗ ನೀವು ಹೇಳ್ತೀರ, ‘ಅಣ್ಣ, ಪುಕ್ಕಟೆ ಮನೆ ಸಿಕ್ಕಿದೆ, ಮೇಲೆ ಸಿಕ್ತು ಕೆಳಗೆ ಸಿಕ್ತು ಅಂತ ತಕರಾರು ಯಾಕೆ?’ ಈ ಮಾತನ್ನ ಅಧಿಕಾರಿಗಳ ಬಾಯಲ್ಲಿ ಕೇಳಿ ಕೇಳಿ ಅಭ್ಯಾಸ ಆಗಿದೆ. ನಮ್ಮವರ ಬಾಯಲ್ಲೂ ಬಂದಾಗ ಉರಿಯುತ್ತೆ. ಪುಕ್ಕಟೆ ಅಲ್ಲ ಸ್ವಾಮಿ. ಫಲಾನುಭವಿ ವಂತಿಗೆ ಅಂತ ಕಟ್ಟಿದೀವಿ, ಅದಕ್ಕೆ ಸಂಘದಲ್ಲಿ ಸಾಲ ಎತ್ತಿದೀವಿ. ಅದಕ್ಕಿಂತ ದೊಡ್ಡದು, ನೆಲ ಕೊಟ್ಟಿದೀವಿ. ನಲವತ್ತು ವರ್ಷದ ಹಿಂದೆ ಆ ಜಾಗ ಊರಾಚೆ, ಚರಂಡಿ ಪಕ್ಕ, ಯಾರಿಗೂ ಬೇಡವಾಗಿತ್ತು, ಅದಕ್ಕೇ ನಮಗೆ ಸಿಕ್ಕಿದ್ದು. ಊರು ಬೆಳೀತು, ಆ ಜಾಗ ಈಗ ಮೇನ್ ರೋಡು. ನಾವು ಅಡ್ಡಡ್ಡ ಹರಡ್ಕೊಂಡಿದ್ದೋರನ್ನ ಉದ್ದುದ್ದ ನಿಲ್ಲಿಸಿದ್ರು, ಮಿಕ್ಕ ಜಾಗ ರಸ್ತೆಗೆ, ಪಾರ್ಕಿಗೆ ಹೋಯ್ತು. ಕೇರಿ ಮೊದಲು ಊರಿನ ಹೊರಗಿತ್ತು, ಈಗ ನೆಲದಿಂದ ಮೇಲಿದೆ. ನೆಲಕ್ಕೂ ನಮಗೂ ಮಾತ್ರ ಸಂಬಂಧ ಇಲ್ಲ.

ಇನ್ನೊಂದು ವಾದ, ‘ಲಾಟರಿ ಎತ್ತಿದ್ದು, ಎಲ್ಲರಿಗೂ ಸಮಾನ ಅವಕಾಶ.’ ಸಮಾನತೆ ಬಗ್ಗೆ ನಮಗೆ ಪಾಠ ಮಾಡೋಕೆ ಬಂದಿದ್ದಾರೆ! ಇಪ್ಪತ್ತೈದರ ಹುಡುಗನ ಚೀಟಿನೂ ಎಪ್ಪತ್ತರ ಮುದುಕಿ ಚೀಟಿನೂ ಒಂದೇ ಡಬ್ಬದಲ್ಲಿ ಹಾಕಿ ಕುಲುಕಿದ್ರೆ ಅದು ಸಮಾನತೆ ಅಲ್ಲ, ಸೋಮಾರಿತನ. ಅಸಮಾನರನ್ನ ಸಮಾನರ ಥರ ನಡೆಸ್ಕೊಳ್ಳೋದೂ ಅನ್ಯಾಯವೇ ಅಂತ ಮೀಸಲಾತಿ ಬಗ್ಗೆ ಮಾತಾಡುವಾಗ ನಾವೇ ಗಂಟಲು ಹರ್ಕೊಳ್ತೀವಿ. ಮನೆ ಹಂಚುವಾಗ ಅದನ್ನ ಮರೀತೀವಿ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಈ ಸಮುಚ್ಚಯಕ್ಕೆ ದುಡ್ಡು ಬಂದಿರೋದು ಪ್ರಧಾನ ಮಂತ್ರಿ ಆವಾಸ್ ನಗರ ಯೋಜನೆಯಿಂದ. 2015ರಲ್ಲಿ ಶುರುವಾದ ಆ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ, ಅಂಗವಿಕಲರು ಮತ್ತು ಹಿರಿಯ ನಾಗರಿಕರು ಇರುವ ಕುಟುಂಬಗಳಿಗೆ ಆದಷ್ಟು ಗ್ರೌಂಡ್ ಫ್ಲೋರ್ ಅಥವಾ ಕೆಳಗಿನ ಮಹಡಿ ಕೊಡಿ ಅಂತ. ಈ ‘ಆದಷ್ಟು’ ಅನ್ನೋ ಪದ ಇದೆಯಲ್ಲ, ಅದರಲ್ಲೇ ನಮ್ಮ ಮುದುಕರು ಜಾರಿ ಬೀಳೋದು. ಆಮೇಲೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದರ 37ನೇ ಸೆಕ್ಷನ್ ಪ್ರಕಾರ ವಸತಿ ಯೋಜನೆಗಳಲ್ಲಿ ಶೇಕಡ 5 ಮೀಸಲು. 44ನೇ ಸೆಕ್ಷನ್ ಪ್ರಕಾರ ಪ್ರವೇಶ ಸೌಲಭ್ಯದ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿಯನ್ನೇ ಕೊಡೋ ಹಾಗಿಲ್ಲ. ಹಾಗಿದ್ರೆ ಇಷ್ಟೊಂದು ಕಟ್ಟಡ ಎದ್ದಿದ್ದು ಹೇಗೆ? ಕಾಯ್ದೆಯಲ್ಲಿ ‘ಕಡ್ಡಾಯ’ ಅಂತ ಬರೆದದ್ದನ್ನ ಕೆಳಗಿನ ನಿಯಮ, ಮಾರ್ಗಸೂಚಿಗಳಲ್ಲಿ ‘ಸಲಹೆ’ ಮಾಡಿಟ್ಟಿದ್ರು. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳ್ತು. 2017ರ ನಿಯಮಾವಳಿಯ 15ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧ, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ಮಾಡಿ ಅಂತ. ಆ ಕೇಸು ಹಾಕಿದ್ದು ಕಣ್ಣು ಕಾಣದ ಒಬ್ಬರು, 2005ರಲ್ಲಿ. ಇಪ್ಪತ್ತು ವರ್ಷದ ಹತ್ತಿರ ಕಾದಿದ್ದಾರೆ.

ದೊಡ್ಡವ್ವನ ಹತ್ರ ಅಂಗವಿಕಲ ಕಾರ್ಡ್ ಇಲ್ಲ. ಮಾಡಿಸೋಣ ಅಂದ್ರೆ ಆಸ್ಪತ್ರೆಗೆ ಹೋಗಬೇಕು, ಪರೀಕ್ಷೆ ಮಾಡಿ ಶೇಕಡ 40 ಅಂತ ಬರೆದುಕೊಟ್ರೆ ಮಾತ್ರ ಆ ಮೀಸಲಾತಿ. ಮಂಡಿ ಸವೆತಕ್ಕೆ ಎಷ್ಟು ಪರ್ಸೆಂಟ್ ಕೊಡ್ತಾರೋ ಅದು ಎದುರು ಕೂತಿರೋ ಡಾಕ್ಟ್ರ ಕೈಲಿ. ಅಲ್ಲಿಗೆ ಹೋಗೋಕೆ ಮತ್ತೆ 54 ಮೆಟ್ಟಿಲು. ಮೆಟ್ಟಿಲು ಇಳಿಯೋಕಾಗಲ್ಲ ಅಂತ ಸಾಬೀತು ಮಾಡೋಕೆ ಮೆಟ್ಟಿಲು ಇಳೀಬೇಕು. ಹೋಗ್ಲಿ, ಹಿರಿಯ ನಾಗರಿಕರ ಕಾನೂನು ನೋಡೋಣ ಅಂದ್ರೆ 2007ರ ಕಾಯ್ದೆ. ಅದರಲ್ಲಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳೂ ಪೌರಕಾರ್ಮಿಕರೇ ಆಗಿದ್ರೆ ಏನು ಕೇಳ್ತೀರ? ವಸತಿ ಅಂತ ಬಂದಾಗ ಅದರ 19ನೇ ಸೆಕ್ಷನ್ ಹೇಳೋದು ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಜನ ಇರಬಹುದಾದ ವೃದ್ಧಾಶ್ರಮ. ನಮ್ಮ ಮುದುಕರಿಗೆ ಆಶ್ರಮ ಬೇಕಾಗಿಲ್ಲ. ಕೇರಿ ಬಿಟ್ಟು ಬದುಕಿದೋರಲ್ಲ ಅವರು. ಅವರಿಗೆ ಬೇಕಿರೋದು ಹೊಸ್ತಿಲಲ್ಲಿ ಕೂತ್ರೆ ಎದುರು ಮನೆಯವಳ ಜೊತೆ ಎಲೆ ಅಡಿಕೆ ಹಾಕ್ಕೊಂಡು ಮಾತಾಡೋಕಾಗುವಂಥ ಒಂದು ಮನೆ.

ಈಗ ಎಷ್ಟು ಮಹಡಿ ಅನ್ನೋ ವಿಷಯಕ್ಕೆ ಬರ್ತೀನಿ. ಸ್ಲಂ ಜಾಗದಲ್ಲಿ ಕಟ್ಟೋ ಸಮುಚ್ಚಯಗಳನ್ನ ನೋಡಿ, ಬಹುತೇಕ ಜಿ ಪ್ಲಸ್ ತ್ರೀ. ಕೆಳಗೊಂದು, ಮೇಲೆ ಮೂರು. ಮಹಡಿಗೆ 3 ಮೀಟರ್ ಅಂತ ಲೆಕ್ಕ ಹಾಕಿದ್ರೆ 12 ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಹುಮಹಡಿ ಅಂತ ಕರೆಯೋದು 15 ಮೀಟರ್ ಆದ ಮೇಲೆ. ಆ ಗೆರೆ ದಾಟಿದ್ರೆ ಲಿಫ್ಟು, ಬೆಂಕಿ ಸುರಕ್ಷತೆ, ಜನರೇಟರ್ ಎಲ್ಲಾ ಖರ್ಚು ತಲೆ ಮೇಲೆ ಬರುತ್ತೆ. ಅದಕ್ಕೆ ಗೆರೆಗಿಂತ ಕೆಳಗೇ ನಿಲ್ಲಿಸ್ತಾರೆ. ನಾನು ಕೇಳಿದಾಗ ಇಂಜಿನಿಯರ್ ಮುಚ್ಚುಮರೆ ಇಲ್ಲದೆ ಹೇಳಿದ್ರು, ‘ಲಿಫ್ಟ್ ಹಾಕಿದ್ರೂ ನಿಮ್ಮೋರು ಕರೆಂಟ್ ಬಿಲ್ ಕಟ್ಟಲ್ಲ, ಮೂರು ತಿಂಗಳಲ್ಲಿ ಕೆಡಿಸಿ ಹಾಕ್ತಾರೆ.’ ‘ನಿಮ್ಮೋರು’ ಅನ್ನೋ ಪದ ಗಮನಿಸಿ. ಇದು ಬಡವರು ಅಂತ ಹೇಳಿದ್ದಲ್ಲ. ಅವರ ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಕೆಟ್ರೆ ಮೆಂಟೆನೆನ್ಸ್ ಸಮಸ್ಯೆ, ನಮ್ಮಲ್ಲಿ ಕೆಟ್ರೆ ಜಾತಿ ಗುಣ.

ಲಿಫ್ಟ್ ಆಗಲ್ಲವೋ, ಸರಿ. ಗ್ರೌಂಡ್ ಫ್ಲೋರ್ ಕೊಡಿ. ಒಂದು ಬ್ಲಾಕಿಗೆ 32 ಮನೆ, ಅದರಲ್ಲಿ 8 ಗ್ರೌಂಡ್ ಫ್ಲೋರು. ಹತ್ತು ಬ್ಲಾಕು ಅಂದ್ರೆ 80 ಮನೆ ನೆಲದ ಮೇಲಿವೆ. ಚೀಟಿ ಎತ್ತೋ ಮೊದಲು ಯಾರ ಮನೆಯಲ್ಲಿ ನಡೆಯೋಕಾಗದವರು ಇದ್ದಾರೆ ಅಂತ ಒಂದು ಪಟ್ಟಿ ಮಾಡಿದ್ರೆ ಸಾಕಿತ್ತು. ಒಂದು ನೋಟ್‌ಬುಕ್ಕು, ಎರಡು ದಿನ. ಇದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಟೆಂಡರ್ ಇಲ್ಲದೆ ಇರೋದ್ರಿಂದಲೇ ಆಗಲಿಲ್ವೇನೋ. ಆ 80ರಲ್ಲಿ ಈಗ ಯಾರಿದ್ದಾರೆ ಅಂತ ಹೋಗಿ ನೋಡಿ. ಕೆಲವು ಅಂಗಡಿ ಆಗಿವೆ, ಕೆಲವು ಬಾಡಿಗೆಗೆ ಹೋಗಿವೆ. ‘ಮುಖಂಡರ’ ಕಡೆಯವರಿಗೆ ಎಷ್ಟು ಹೋಗಿವೆ ಅನ್ನೋದನ್ನ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಆ ಮುಖಂಡರಲ್ಲಿ ನಮ್ಮ ಜೊತೆ ನೀಲಿ ಶಾಲು ಹಾಕ್ಕೊಂಡು ಬರೋರೂ ಇದ್ದಾರೆ.

ಮನೆ ಒಳಗಿನ ಮಾತು. 30 ಚದರ ಮೀಟರ್ ಅಂತ ಲೆಕ್ಕ, ಅಂದ್ರೆ 320 ಚದರಡಿ ಚಿಲ್ಲರೆ. ಅದರಲ್ಲಿ ಹಾಲು, ರೂಮು, ಅಡುಗೆಮನೆ, ಬಚ್ಚಲು, ಕಕ್ಕಸು. ಕಕ್ಕಸಿನ ಬಾಗಿಲು ಎಷ್ಟು ಕಿರಿದು ಅಂದ್ರೆ ವಾಕರ್ ಹಿಡಿದವರು ಅಡ್ಡ ತಿರುಗಿ ಒಳಗೆ ಹೋಗಬೇಕು. ಒಳಗೆ ಕುಕ್ಕರಗಾಲಲ್ಲಿ ಕೂರೋ ಬೇಸಿನ್ನು. ಮಂಡಿ ಮಡಚೋಕೆ ಆಗದವರು ಏನು ಮಾಡ್ತಾರೆ? ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ. ನಡುವೆ ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಬಕೆಟ್ಟು. ದೊಡ್ಡವ್ವ ಸಂಜೆ ಆರರ ಮೇಲೆ ನೀರು ಕುಡಿಯಲ್ಲ. ರಾತ್ರಿ ಎದ್ದೇಳಬೇಕಾಗುತ್ತೆ ಅಂತ. ಊರಿನ ಹೊಲಸನ್ನೆಲ್ಲ ತೆಗೆದೋಳಿಗೆ ಈ ವಯಸ್ಸಲ್ಲಿ ತನ್ನದನ್ನ ಸೊಸೆ ಕೈಲಿ ತೆಗೆಸಬೇಕಲ್ಲ ಅನ್ನೋ ಸಂಕಟ. ಒಂದು ಕಮೋಡು, ಎರಡು ಸರಳು ಹಾಕಿದ್ರೆ ಮುಗಿದು ಹೋಗೋ ವಿಷಯ ಇದು. ಆ ಎರಡು ಸರಳು ಇವೆ, ಬೀಗ ಹಾಕಿದ ಮನೆಯಲ್ಲಿ.

ಸಂಧ್ಯಾ ಸುರಕ್ಷಾ ಹಣ ತಿಂಗಳಿಗೆ 1,200 ರೂಪಾಯಿ. ಗ್ಯಾಸ್ ಸಿಲಿಂಡರ್ ಮೂರನೇ ಮಹಡಿಗೆ ಹೊತ್ತು ತರೋನಿಗೆ ಬೇರೆ ಕೊಡಬೇಕು. ನೀರು ಮೇಲಕ್ಕೆ ಏರದ ದಿನ ಬಿಂದಿಗೆ ಹೊರೋ ಹುಡುಗನಿಗೆ ಬೇರೆ. ಮಾತ್ರೆ ಬೇರೆ. ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನದಲ್ಲಿ 80 ದಾಟದವರಿಗೆ ಕೇಂದ್ರ ಕೊಡೋ ಪಾಲು ಈಗಲೂ 200 ರೂಪಾಯಿ. ಇದರ ಬಗ್ಗೆ ಇನ್ನೊಂದು ದಿನ ಬರೀತೀನಿ.

ಈಗ ಆ ಕಡೆ ನೋಡಿ. ಬೆಂಗಳೂರು, ಮೈಸೂರು ಸುತ್ತ ‘ಸೀನಿಯರ್ ಲಿವಿಂಗ್’ ಅಂತ ಬಡಾವಣೆಗಳು ಬಂದಿವೆ. ಜಾರದ ಟೈಲ್ಸು, ಹಾಸಿಗೆ ಪಕ್ಕ ತುರ್ತು ಗಂಟೆ, ಸ್ಟ್ರೆಚರ್ ಹಿಡಿಸೋ ಲಿಫ್ಟು, ನರ್ಸು. ಅಂದ್ರೆ ವಯಸ್ಸಾದ ದೇಹಕ್ಕೆ ಏನು ಬೇಕು ಅನ್ನೋದು ಈ ದೇಶಕ್ಕೆ ಚೆನ್ನಾಗಿ ಗೊತ್ತಿದೆ. ತಂತ್ರಜ್ಞಾನದ ಸಮಸ್ಯೆ ಅಲ್ಲ ಇದು. ಕೆಲವು ಜಾಹೀರಾತಿನಲ್ಲಿ ‘ಸಾತ್ವಿಕ ಆಹಾರ’, ಪಕ್ಕದಲ್ಲಿ ದೇವಸ್ಥಾನ, ‘ಸಮಾನ ಮನಸ್ಕರ ನೆರೆಹೊರೆ’. ಈ ‘ಸಮಾನ ಮನಸ್ಕ’ ಅಂದ್ರೆ ಏನು ಅಂತ ಬಾಡಿಗೆ ಮನೆ ಹುಡುಕಿದ ನಮ್ಮ ಪ್ರತಿಯೊಬ್ಬ ಹುಡುಗನಿಗೂ ಗೊತ್ತು. 1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಪಾರ್ಸಿಗಳ ವಸತಿಗೃಹದಲ್ಲಿ ಜಾತಿ ಮುಚ್ಚಿಟ್ಟು ಇರಬೇಕಾಯ್ತು, ಗೊತ್ತಾದಾಗ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದ್ರು. 2005ರಲ್ಲಿ ಇದೇ ದೇಶದ ಸುಪ್ರೀಂ ಕೋರ್ಟು, ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅಂತ ಬೈಲಾ ಇಟ್ಕೊಳ್ಳಬಹುದು ಅಂತ ಹೇಳ್ತು. ಸಣ್ಣ ಅಲ್ಪಸಂಖ್ಯಾತ ಸಮುದಾಯದ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಅದೇ ಬಾಗಿಲನ್ನ ಬೇರೆ ಯಾರ‍್ಯಾರು ತಮ್ಮ ಕಾಂಪೌಂಡಿಗೆ ಹಾಕ್ಕೊಂಡ್ರು ಅಂತ ಯೋಚಿಸಿ. ಆ ಬಡಾವಣೆಗಳ ಒಳಗೆ ಜಾರದ ಟೈಲ್ಸನ್ನ ಒರೆಸೋಕೆ ಹೋಗೋರು ಯಾರು? ನಮ್ಮ ಹೆಣ್ಮಕ್ಕಳೇ. ಒರೆಸೋರ ಮಂಡಿ ಸವೆದಾಗ ಅವರಿಗೆ 54 ಮೆಟ್ಟಿಲು.

ಅರವತ್ತು ವರ್ಷ ಆದ್ರೆ ಹಿರಿಯ ನಾಗರಿಕ ಅನ್ನೋ ಲೆಕ್ಕಾನೇ ನಮಗೆ ಹೊಂದಲ್ಲ. ಕುರ್ಚಿ ಮೇಲೆ ಕೂತು ಕೆಲಸ ಮಾಡಿದ ದೇಹಕ್ಕೆ ಅರವತ್ತು ಸರಿ ಇರಬಹುದು. ಮ್ಯಾನ್‌ಹೋಲಿಗೆ ಇಳಿದ, ಪೊರಕೆ ಹಿಡಿದ, ಕಲ್ಲು ಹೊತ್ತ ದೇಹ ನಲವತ್ತೈದಕ್ಕೇ ಮುದಿಯಾಗುತ್ತೆ. ಜಾತಿ ಅಂದ್ರೆ ಮನಸ್ಸಿನ ಮೈಲಿಗೆ ಮಾತ್ರ ಅಲ್ಲ, ಮೂಳೆ ಸವೆತವೂ ಹೌದು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಲ್ಲಿ ಪುನರ್ವಸತಿ ಅಂದಾಗ ನಿವೇಶನ, ಮನೆ ಸಹಾಯ ಎಲ್ಲಾ ಬರೆದಿದ್ದಾರೆ. ಆ ಮನೆಗೆ ಮಂಡಿ ನೋಯೋ ಮನುಷ್ಯ ಹತ್ತಬಲ್ಲನಾ ಅಂತ ಯಾರೂ ಯೋಚಿಸಿಲ್ಲ.

1995ರ ಚಮೇಲಿ ಸಿಂಗ್ ಪ್ರಕರಣ ನಮ್ಮ ಹುಡುಗರು ಓದಬೇಕು. ಉತ್ತರ ಪ್ರದೇಶದಲ್ಲಿ ದಲಿತರಿಗೆ ಮನೆ ಕಟ್ಟಿಸೋಕೆ ಸರ್ಕಾರ ಜಮೀನು ತಗೊಂಡಾಗ ಜಮೀನಿನವರು ಕೋರ್ಟಿಗೆ ಹೋದ್ರು. ಸುಪ್ರೀಂ ಕೋರ್ಟು ಅವರ ವಾದ ಒಪ್ಪಲಿಲ್ಲ. ಸೂರು ಅಂದ್ರೆ ತಲೆ ಮೇಲೊಂದು ಚಾವಣಿ ಮಾತ್ರ ಅಲ್ಲ, ಗಾಳಿ, ಬೆಳಕು, ನೀರು, ಶೌಚ, ರಸ್ತೆ ಎಲ್ಲಾ ಸೇರಿ ಘನತೆಯಿಂದ ಬದುಕೋ ಜಾಗ, ಅದು ಜೀವಿಸುವ ಹಕ್ಕಿನ ಭಾಗ ಅಂತ ಹೇಳ್ತು. ಶೌಚಕ್ಕೆ ಹೋಗೋಕಾಗದ, ರಸ್ತೆಗೆ ಇಳಿಯೋಕಾಗದ ಮನೆ ಈ ಅರ್ಥದಲ್ಲಿ ಮನೆಯೇ ಅಲ್ಲ. ನಮ್ಮ ಅರ್ಜಿಯಲ್ಲಿ ಈ ತೀರ್ಪನ್ನ ಹಾಕಿದೀವಿ.

ಇಲ್ಲೀವರೆಗೆ ಬೈದಿದ್ದು ಬೇರೆಯವರನ್ನ. ಈಗ ನನ್ನ ಸರದಿ.

ದೊಡ್ಡವ್ವನ ಹಳೇ ಮನೆ ಶೀಟ್ ಮನೆ. ಮಳೆ ಬಂದ್ರೆ ಸೋರ್ತಿತ್ತು, ಬೇಸಿಗೆಯಲ್ಲಿ ಬೇಯ್ತಿತ್ತು. ಆದ್ರೆ ನೆಲದ ಮೇಲಿತ್ತು. ಬಾಗಿಲಲ್ಲೇ ಕೂತು ಮೊಮ್ಮಕ್ಕಳನ್ನ ನೋಡ್ಕೊಳ್ತಿದ್ಲು, ನಾಲ್ಕು ಕೋಳಿ ಸಾಕಿದ್ಲು. ಆ ಮನೆ ಖಾಲಿ ಮಾಡೋಕೆ ಅವಳು ಒಪ್ಪಿರಲಿಲ್ಲ. ಒಪ್ಪಿಸಿದ್ದು ನಾನು. ‘ಹಕ್ಕುಪತ್ರ ನಿನ್ನ ಹೆಸರಿಗೆ ಬರುತ್ತೆ ದೊಡ್ಡವ್ವಾ, ಇದು ಹೋರಾಟದ ಗೆಲುವು’ ಅಂತ ಭಾಷಣ ಬಿಗಿದೆ. ಏಳು ವರ್ಷ ನಾವು ಧರಣಿ ಮಾಡಿದ್ವಿ, ತಮಟೆ ಬಾರಿಸಿದ್ವಿ, ಮನವಿ ಕೊಟ್ವಿ. ಆ ಮನವಿಗಳನ್ನ ಮೊನ್ನೆ ತೆಗೆದು ನೋಡ್ದೆ. ಹಕ್ಕುಪತ್ರ ಇದೆ, ನೀರು ಇದೆ, ಯುಜಿಡಿ ಇದೆ, ಅಂಬೇಡ್ಕರ್ ಭವನಕ್ಕೆ ಜಾಗ ಇದೆ. ಯಾರಿಗೆ ಯಾವ ಮಹಡಿ ಅಂತ ಒಂದು ಸಾಲೂ ಇಲ್ಲ. ನಮ್ಮ ಸಭೆಗಳಲ್ಲಿ ಮುದುಕಿಯರು ಮುಂದೆ ಕೂತಿರ್ತಾರೆ, ಫೋಟೊಗೆ ಚೆನ್ನಾಗಿ ಕಾಣುತ್ತೆ ಅಂತ. ಮೈಕು ಅವರ ಕೈಗೆ ಹೋಗಲ್ಲ. ಕೊಟ್ಟಿದ್ರೆ ಒಬ್ಬಳಾದ್ರೂ ಕೇಳಿರೋಳು, ‘ಅಲ್ಲಪ್ಪ, ಅಷ್ಟೆತ್ತರ ಹತ್ತೋದು ಹೆಂಗೆ?’

ನಾವು ಇಪ್ಪತ್ತು ಮೂವತ್ತು ವಯಸ್ಸಿನವರು ಹೋರಾಟದ ಬೇಡಿಕೆ ಬರೀತೀವಿ. ನಮ್ಮ ಮಂಡಿ ಗಟ್ಟಿ ಇವೆ.

ಡಿಸೆಂಬರಿನಲ್ಲಿ ಎರಡನೇ ಬ್ಲಾಕಿನ ಒಬ್ಬ ತಾತ ತೀರ್ಕೊಂಡ್ರು, ಮೂರನೇ ಮಹಡಿಯಲ್ಲೇ. ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಕುರ್ಚಿಗೆ ಪಂಚೆಯಲ್ಲಿ ಕಟ್ಟಿ ಇಳಿಸಿದ್ವಿ. ನಮ್ಮಲ್ಲಿ ಹೆಣವನ್ನ ಕೂರಿಸೋ ಪದ್ಧತಿ ಇರೋದ್ರಿಂದ ನೋಡಿದೋರಿಗೆ ವಿಚಿತ್ರ ಅನ್ನಿಸಲಿಲ್ಲ. ಹೊತ್ತ ನಾಲ್ಕು ಜನರಲ್ಲಿ ನಾನೂ ಒಬ್ಬ. ಅಕ್ಟೋಬರಿನಲ್ಲಿ ದೊಡ್ಡವ್ವನನ್ನ ಹತ್ತಿಸಿದಾಗ ಕೈಯಲ್ಲಿ ಹಿಡಿದದ್ದೂ ಅಂಥದೇ ಕುರ್ಚಿ ಅನ್ನೋದು ತಿರುವಿನಲ್ಲಿ ನಿಂತಾಗ ನೆನಪಾಯ್ತು.

ಆದ್ದರಿಂದ ಸ್ವಾಗತಾರ್ಹ ಅಂತ ಬರೆದ ಸಂಗಾತಿಗಳೇ, ಆ ಪೋಸ್ಟ್ ತೆಗೀರಿ. ಮಾದರಿ ಮನೆ ಅನ್ನೋದು ಮಿಕ್ಕ ಮುನ್ನೂರು ಚಿಲ್ಲರೆ ಮನೆಗಳ ಬಗ್ಗೆ ಪ್ರಶ್ನೆ ಬಾರದಂತೆ ಎದುರಿಗಿಟ್ಟ ಗೊಂಬೆ. ನಮಗೆ ಮಾದರಿ ಬೇಡ. ಹಂಚಿಕೆ ಪಟ್ಟಿ ಬಹಿರಂಗ ಮಾಡಿ, ಗ್ರೌಂಡ್ ಫ್ಲೋರಿನಲ್ಲಿ ಬಾಡಿಗೆಗೆ ಕೊಟ್ಟಿರೋ ಮನೆಗಳನ್ನ ವಾಪಸ್ ತಗೊಂಡು ನಡೆಯೋಕಾಗದವರಿಗೆ ಕೊಡಿ. ಕಾರ್ಡ್ ಕೇಳಬೇಡಿ, ಮನೆಗೆ ಬಂದು ನೋಡಿ ಬರ್ಕೊಳ್ಳಿ. ಮಹಡಿ ಬದಲಾಯಿಸ್ಕೊಳ್ಳೋಕೆ ಒಪ್ಪೋ ಕುಟುಂಬಗಳಿಗೆ ಹಕ್ಕುಪತ್ರದಲ್ಲಿ ತೊಂದರೆ ಆಗದ ಹಾಗೆ ಬದಲಾಯಿಸಿ ಕೊಡಿ. ನಮ್ಮ ಬ್ಲಾಕಿನಲ್ಲೇ ಇಬ್ಬರು ಹುಡುಗರು ಮೇಲೆ ಹೋಗೋಕೆ ತಯಾರಿದ್ದಾರೆ, ಕಾಗದ ಪತ್ರದ ಭಯಕ್ಕೆ ಸುಮ್ಮನಿದ್ದಾರೆ. ಕೇಳಿದ ಎಲ್ಲಾ ಮನೆಗೂ ಕಮೋಡು, ಸರಳು ಹಾಕಿಸಿ. ಮುಂದೆ ಕಟ್ಟೋ ಬ್ಲಾಕಿಗೆ ಲಿಫ್ಟ್ ಇಲ್ಲದ ನಕ್ಷೆ ತಂದ್ರೆ ಜಾಗ ಬಿಡಲ್ಲ. ಇದನ್ನ ನಮ್ಮ ಮುಖಂಡರಿಗೂ ಸೇರಿಸಿ ಹೇಳ್ತಿದೀನಿ.

ಸೋಮವಾರ ಬೆಳಗ್ಗೆ 11ಕ್ಕೆ ಡಿಸಿ ಕಚೇರಿ ಎದುರು. ಈ ಸಲ ಬ್ಯಾನರ್ ಹಿಡಿಯೋಕೆ ಹುಡುಗರು ಬೇಡ, ಪ್ರತಿ ಬ್ಲಾಕಿನ ವಯಸ್ಸಾದವರು ಬರ್ತಾರೆ, ಅವರೇ ಮಾತಾಡ್ತಾರೆ. ಹುಡುಗರ ಕೆಲಸ ಅವರನ್ನ ಇಳಿಸೋದು, ಕರ್ಕೊಂಡು ಬರೋದು, ಮತ್ತೆ ಹತ್ತಿಸೋದು. ಎಂಟು ಗಂಟೆಗೆಲ್ಲ ಬ್ಲಾಕ್ ಹತ್ರ ಇರಿ, ಒಬ್ಬೊಬ್ಬರನ್ನ ಇಳಿಸೋಕೆ ಟೈಮ್ ಹಿಡಿಯುತ್ತೆ. ಎರಡು ಆಟೊ ಗೊತ್ತು ಮಾಡಿದೀವಿ, ಇನ್ನೂ ಮೂರು ಬೇಕು. ಕೈಹಿಡಿ ಇರೋ ಗಟ್ಟಿ ಕುರ್ಚಿ ಇದ್ದೋರು ತನ್ನಿ. ಡಿಸಿ ಕಚೇರಿಯಲ್ಲೂ ಹನ್ನೊಂದು ಮೆಟ್ಟಿಲಿವೆ, ಎಣಿಸಿ ಬಂದಿದೀನಿ. ಅವರು ಕೆಳಗೆ ಇಳಿದು ಬರೋವರೆಗೆ ನಾವು ಮೇಲೆ ಹತ್ತಲ್ಲ.